ಎರಡನೆಯ ಸಂತಾಪ ನಿರ್ಣಯ

ಗಡ್ಡ ಹೆರೆಯುತ್ತಿದ್ದಾಗ ಷಣ್ಮುಖಪ್ಪನ ಬಾಯಿ ನಕ್ಕಿತು. ಅವನು ನಕ್ಕಿರಲಿಲ್ಲ. ಕನ್ನಡಿಯಲ್ಲಿ ಸೋಪಿನ ನೊರೆಯ ನಡುವೆ ತುಟಿಗಳು ತಾವಾಗಿಯೇ ಅಗಲವಾಗಿ, ಬಲಗಡೆಯ ಸೊಟ್ಟ ಹಲ್ಲು ಇಣುಕಿ, ಹೋದ ತಿಂಗಳ ಸಭೆಯಲ್ಲಿ ನಕ್ಕಿದ್ದ ಅದೇ ನಗೆ ಹೇಳದೆ ಕೇಳದೆ ಮತ್ತೆ ಬಂದು ಕೂತಿತ್ತು. ಬ್ಲೇಡು ಗದ್ದಕ್ಕೆ ತಾಗಿ ಸಣ್ಣಗೆ ರಕ್ತ ಜಿನುಗಿತು. ಅವತ್ತು, ಅವನ ಶಾಲೆ ನಡೆಸುವ ಜ್ಞಾನದಾಸೋಹ ಮಂಡಳಿಯ ಸಭೆಯಲ್ಲಿ, ಹೊಸ ಹಾಸ್ಟೆಲಿನ ಜಾಗದ ಬಗ್ಗೆ ಅವನು ಕೇಳಿದ್ದು ಅರ್ಧ ವಾಕ್ಯ ಮಾತ್ರ. "ಸಾವ್ಕಾರ್ರೇ, ಅದು ಕೆರೆ ಅಂಗಳ ಅಲ್ವಾ, ಅಕಸ್ಮಾತ್ ನೀರು ಗೀರು ಬಂದ್ರೆ…" ಉಳಿದರ್ಧವನ್ನು ಅಧ್ಯಕ್ಷ ವಿರೂಪಾಕ್ಷಪ್ಪನವರು ಕಿತ್ತುಕೊಂಡಿದ್ದರು. "ಮೇಷ್ಟ್ರೇ, ನೀವು ಹೊನ್ನಾಳಿ ಹೊಳೆದಂಡೆಯವ್ರು. ಚೊಂಬು ನೋಡಿದ್ರೂ ನಿಮಗೆ ಪ್ರವಾಹ ಕಾಣ್ತೈತೆ. ಇದು ಜಗಳೂರು ಕಣ್ರೀ! ಇಲ್ಲಿಗೆ ನೀರು ಬರ್ಬೇಕಂದ್ರೆ ಮೊದ್ಲು ಅದಕ್ಕೆ ಟ್ರಾನ್ಸ್‌ಫರ್ ಆರ್ಡರ್ ಆಗ್ಬೇಕು." ಎಲ್ಲರೂ ನಕ್ಕರು. ಷಣ್ಮುಖಪ್ಪನೂ ನಕ್ಕ. ಅವರು ನಕ್ಕಿದ್ದು ಅವನಿಗೆ ಅಷ್ಟೇನೂ ನೋಯಲಿಲ್ಲ. ತಾನೂ ನಕ್ಕೆನಲ್ಲ, ಅದೂ ಅವರಿಗಿಂತ ಒಂದು ಕ್ಷಣ ಹೆಚ್ಚೇ ನಕ್ಕೆನಲ್ಲ, ಅದು ಮಾತ್ರ ಹಲ್ಲಿನ ಸಂದಿಗೆ ಸಿಕ್ಕ ಅಡಿಕೆ ಚೂರಿನಂತೆ ತಿಂಗಳಿಡೀ ನಾಲಿಗೆಗೆ ತಾಗುತ್ತಲೇ ಇತ್ತು. ಷಣ್ಮುಖ ಎಂದು ಹೆಸರಿಟ್ಟ ಅವ್ವನಿಗೆ ಗೊತ್ತಿರಲಿಲ್ಲ, ಮಗನಿಗೆ ಆರು ಮುಖವಿದ್ದರೂ ಒಂದಕ್ಕೂ ಬಾಯಿರುವುದಿಲ್ಲ ಎಂದು.

ಇವತ್ತು ಮಧ್ಯಾಹ್ನ ಕೊನೆಯ ಸಭೆ. ಇವತ್ತು ಪಾಸಾದರೆ ಮುಂದಿನ ವಾರ ಮಂತ್ರಿಗಳು ಬಂದು ಗೌಡನಕೆರೆಯ ಒಣ ಅಂಗಳದಲ್ಲಿ ಹೆಣ್ಣುಮಕ್ಕಳ ಹಾಸ್ಟೆಲಿಗೆ ಶಂಕುಸ್ಥಾಪನೆ ಮಾಡುತ್ತಾರೆ. ಸುತ್ತಲ ಹಳ್ಳಿಗಳಿಂದ ಬಂದು ಓದುವ ನಲವತ್ತು ಹುಡುಗಿಯರು ಈಗ ಅವನ ಹೈಸ್ಕೂಲಿನ ಎರಡು ಕೋಣೆಗಳಲ್ಲಿ ಬೆಂಚು ಸರಿಸಿ ಚಾಪೆ ಹಾಸಿ ಮಲಗುತ್ತಿದ್ದಾರೆ. ಅವರಿಗೊಂದು ಸೂರು ಬೇಕು ಎಂದು ಮಂಡಳಿಗೆ ಅರ್ಜಿ ಬರೆದವನು ಹೆಡ್‌ಮಾಸ್ತರನೂ ಮಂಡಳಿಯ ಕಾರ್ಯದರ್ಶಿಯೂ ಆದ ಇವನೇ. ಸೂರು ಬಂತು, ನೆಲ ತಪ್ಪಾಯಿತು. ಕಾರ್ಯದರ್ಶಿ ಎಂದರೆ ಕಾರ್ಯ ಮಾಡುವವನಲ್ಲ, ಅದರ ದರ್ಶನ ಮಾಡಿ ಕೈಮುಗಿಯುವವನು. ವಿರೂಪಾಕ್ಷಪ್ಪನವರು ಕೆಟ್ಟವರಾಗಿದ್ದರೆ ಎಷ್ಟು ಸುಲಭವಾಗುತ್ತಿತ್ತು! ಅವರು ಕೈಯಿಂದ ಖರ್ಚು ಹಾಕಿ ಕಟ್ಟಿಸುತ್ತಿರುವವರು, ಬಡ ಹುಡುಗಿಯರ ತಲೆ ನೇವರಿಸುವಾಗ ನಿಜಕ್ಕೂ ಕಣ್ಣು ತೇವ ಮಾಡಿಕೊಳ್ಳುವವರು. ಒಳ್ಳೆಯವರ ತಪ್ಪನ್ನು ತಪ್ಪು ಅನ್ನುವುದು ಹೇಗೆ? ಅದೂ ಅಲ್ಲದೆ ಕಲ್ಲು ಕೆತ್ತಿಸಿಯಾಗಿದೆ, ಮಂತ್ರಿಗಳ ಹೆಸರಿನ ಕೆಳಗೆ ಅಧ್ಯಕ್ಷರ ಹೆಸರು ಒಂದೇ ಒಂದು ನೂಲು ಸಣ್ಣದಾಗಿ. ಸೈಜುಕಲ್ಲು ಬಂದು ಬಿದ್ದಿದೆ. ಪಾಯದ ಗುಂಡಿ ತೋಡಿಯಾಗಿದೆ. ತೋಡಿದ ಗುಂಡಿಗೆ ಬೀಳದೆ ಬಿಟ್ಟರೆ ತೋಡಿದ ಶ್ರಮ ವ್ಯರ್ಥವಲ್ಲವೆ?

"ರಕ್ತ ಒರೆಸ್ಕಳ್ರಿ, ಅಂಗಿಗೆ ಬೀಳ್ತೈತೆ" ಎಂದಳು ಹೆಂಡತಿ ಶಿವಗಂಗಮ್ಮ, ರೊಟ್ಟಿ ತಟ್ಟೆಯನ್ನು ಮುಂದೆ ಸರಿಸುತ್ತ. ಅವಳು ಗೋವಿನಕೋವಿಯವಳು, ನ್ಯಾಮತಿ ಸಂತೆಯಲ್ಲಿ ಚೌಕಾಸಿ ಮಾಡಿ ಬೆಳೆದ ನಾಲಿಗೆ. "ರಾತ್ರಿ ಎಲ್ಲಾ ಹೊರಳಾಡಿದ್ರಿ. ಹೇಳಾದಿದ್ರೆ ಅಲ್ಲಿ ಹೇಳ್ಬಿಟ್ಟು ಬರ್ರಿ. ನನ್ನ ಮುಂದೆ ಗೊಣಗಿದ್ರೆ ನಾನೇನು ಮಂಡಳಿ ಅಧ್ಯಕ್ಷೇನಾ?"

"ನನ್ನ ಕೆಲಸ ಇನ್ನೂ ಕನ್ಫರ್ಮ್ ಆಗಿಲ್ಲ ಕಣೇ. ಸಾವ್ಕಾರ್ರು ಮನಸ್ಸು ಮಾಡಿದ್ರೆ ನಾಳೆ ಮನೀಗೆ ಕಳಿಸ್ತಾರೆ."

"ನೀವು ಹುಟ್ಟಿ ಇಷ್ಟು ವರ್ಷ ಆತು, ನೀವೇ ಇನ್ನೂ ಕನ್ಫರ್ಮ್ ಆಗಿಲ್ಲ" ಎಂದು ಅವಳು ಒಳಗೆ ಹೋದಳು.

ಬೀದಿಗೆ ಬಂದಾಗ ಬಿಸಿಲು ಆಗಲೇ ಹೆಂಚಿನಂತಾಗಿತ್ತು. ಶಾಲೆಗೆ ಕೆರೆಯ ಏರಿಯ ಮೇಲೇ ದಾರಿ. ಅಂಗಳ ಹಪ್ಪಳದಂತೆ ಬಿರುಕು ಬಿಟ್ಟು ಮಲಗಿತ್ತು. ನಡುವೆ ಒಂದು ಜಾಲಿ ಮರ. ಅದರ ಕೆಳಗೆ ಎಮ್ಮೆಯೊಂದು ತಾನೇ ಕೆರೆಯ ಆಡಳಿತಾಧಿಕಾರಿ ಅನ್ನುವಂತೆ ಮೆಲುಕು ಹಾಕುತ್ತಿತ್ತು. ನೋಡಿದರೆ ನಂಬಲೇಬೇಕು, ಇಲ್ಲಿಗೆ ನೀರು ಬರುವುದಿಲ್ಲ. ಹಾಸ್ಟೆಲಿಗೆ ಬರಬೇಕಾದ ಹುಡುಗಿಯರು ಹುಟ್ಟಿದಾಗಿನಿಂದ ಇದು ತುಂಬಿದ್ದನ್ನು ಕಂಡಿಲ್ಲ. ಮಂಡಳಿಯೂ ಕುರುಡಾಗಿ ತೀರ್ಮಾನಿಸಿರಲಿಲ್ಲ, ಸ್ಥಳ ಪರಿಶೀಲನೆಗೆ ಉಪಸಮಿತಿ ಮಾಡಿತ್ತು. ಉಪಸಮಿತಿ, ಅಧ್ಯಕ್ಷರ ಜೀಪಿನಲ್ಲಿ, ನಡು ಬೇಸಿಗೆಯಲ್ಲಿ ಬಂದು, ಚಪ್ಪಲಿ ಹಿಮ್ಮಡಿಯಿಂದ ನೆಲ ಕೆದಕಿ, ಕೆರೆ ಒಣಗಿದೆ ಎಂದು ಕಂಡುಹಿಡಿದಿತ್ತು. ಕುರಿ ಕಾಯುವ ಮುದುಕನೊಬ್ಬನನ್ನು ಅಧ್ಯಕ್ಷರು "ಇಲ್ಲಿ ನೀರು ಬರಲ್ಲ ಅಲ್ವೇನಜ್ಜ?" ಎಂದು ಕೇಳಿದ್ದರು. "ನೀವು ಬ್ಯಾಡ ಅಂದ ಮ್ಯಾಲೆ ಎಲ್ಲಿ ಬರ್ತೈತೆ ಸಾಮಿ" ಎಂದು ಅವನು ಕೈಮುಗಿದಿದ್ದ. ಅದನ್ನು ಸ್ಥಳೀಯ ಹಿರಿಯರ ಅನುಭವದ ಮಾತು ಎಂದು ನಡಾವಳಿಯಲ್ಲಿ ಬರೆದವನು ಷಣ್ಮುಖಪ್ಪನೇ. ಬರೆಯುವಾಗ ಅಕ್ಷರ ದುಂಡಗೆ ಬಂದಿದ್ದವು.

ಆದರೆ ಅವನ ಅನುಮಾನಕ್ಕೇ ಅವನ ಅನುಮಾನ. ಹೊನ್ನಾಳಿಯಲ್ಲಿ ಹುಡುಗನಾಗಿದ್ದಾಗ ಒಂದು ಬೆಳಗಿನ ಜಾವ ಯಾರೋ ಬಾಗಿಲು ಬಡಿದರು. ಅಜ್ಜಿ ಮಲಗಿದ್ದಲ್ಲಿಂದಲೇ "ಯಾರಪ್ಪಾ ಅದು, ಬಂದೆ ತಡಿ" ಎಂದಳು. ಬಡಿತ ನಿಲ್ಲಲಿಲ್ಲ; ಹೊರಗಿನಿಂದಲ್ಲ, ಒಳಗಿನಿಂದಲೇ ಬರುತ್ತಿತ್ತು. ಬಚ್ಚಲಿನ ತಾಮ್ರದ ಕೊಡ ತೇಲಿ ಬಂದು ಬಾಗಿಲಿಗೆ ಡಿಕ್ಕಿ ಹೊಡೆಯುತ್ತಿತ್ತು. ಹೊಳೆ ಬೆಕ್ಕಿನ ಹೆಜ್ಜೆಯಲ್ಲಿ ಒಳಗೆ ಬಂದು ಹಾಸಿಗೆಯ ಕಾಲು ಮೂಸುತ್ತಿತ್ತು. ನೀರು ಗುಡುಗುತ್ತ ಬರುತ್ತದೆ ಎಂದು ಅಂದುಕೊಂಡಿದ್ದ ಹುಡುಗ ಅದರ ಮೌನ ಕಂಡು ಅಜ್ಜಿಯ ಸೆರಗು ಹಿಡಿದುಕೊಂಡಿದ್ದ. ಈಗ ಈ ಬೆಂಗಾಡಿನ ಏರಿಯ ಮೇಲೆ ನಿಂತು ಅವನು ಕೇಳಿಕೊಂಡ: ಹಾವು ಕಚ್ಚಿದವನಿಗೆ ಹಗ್ಗವೂ ಹಾವಲ್ಲವೆ? ಸಾವ್ಕಾರ್ರು ಹೇಳಿದ್ದು ನಿಜವಿರಬಹುದು. ನನಗೆ ಕಾಣುತ್ತಿರುವುದು ಕೆರೆಯಲ್ಲ, ನನ್ನ ಅಜ್ಜಿಯ ಮನೆ. ಹಾಗಾದರೆ ಅವರಿಗೆ ಕಾಣುತ್ತಿರುವುದು? ಅವರಿಗೆ ಕಾಣುತ್ತಿರುವುದು ಹೋದ ವರ್ಷ, ಅದರ ಹಿಂದಿನ ವರ್ಷ, ಅದರ ಹಿಂದಿನದು. ನಾನು ಹೊಳೆಯನ್ನು ನೋಡುತ್ತಿದ್ದೇನೆ, ಅವರು ಬರವನ್ನು ನೋಡುತ್ತಿದ್ದಾರೆ, ಇಬ್ಬರೂ ಕೆರೆಯನ್ನು ನೋಡುತ್ತಿಲ್ಲ. ಷಣ್ಮುಖಪ್ಪ ಬೇಕೆಂದೇ ಕನ್ನಡಕ ಸರಿಸಿ ಕಣ್ಣು ಉಜ್ಜಿಕೊಂಡು, ಅಜ್ಜಿಯನ್ನು ಪಕ್ಕಕ್ಕೆ ಕೂರಿಸಿ, ಮತ್ತೆ ನೋಡಿದ. ಎತ್ತರದಲ್ಲಿ ಏರಿ. ಅದರ ಹೊಟ್ಟೆಯಲ್ಲಿ ತಗ್ಗು. ಮೇಲೆ ಸೊಕ್ಕೆ ಊರಿನ ಕಡೆಯಿಂದ ಇಳಿದು ಬರುವ ಒಣ ಹಳ್ಳ, ಬಾಯಿ ತೆರೆದುಕೊಂಡು ಸೀದಾ ಪಾಯದ ಗುಂಡಿಯ ಕಡೆಗೇ ಮುಖ ಮಾಡಿದೆ. ಯಾರೋ ಹಿಂದಿನವರು ಇಷ್ಟು ಮಣ್ಣು ಹೊತ್ತು ಇಲ್ಲಿ ಏರಿ ಹಾಕಿದ್ದು ಗಾಳಿ ತಡೆಯಲಿಕ್ಕೇನೂ ಅಲ್ಲ. ಹೊನ್ನಾಳಿಯವನಲ್ಲದಿದ್ದರೂ ಇಷ್ಟು ಕಾಣುತ್ತದೆ. ಭಯಕ್ಕೆ ಮದ್ದಿದೆ, ಕಂಡ ಸತ್ಯಕ್ಕೆ ಏನು ಮಾಡುವುದು?

ಏನು ಮಾಡುವುದೆಂದರೆ ತಟ್ಟೆ ಬರುವುದರೊಳಗೆ ಮಾಡಬೇಕು. ಮಂಡಳಿಯ ಪದ್ಧತಿಯೇ ಹಾಗೆ. ವಿಷಯ ಮಂಡನೆಯಾದ ಕೂಡಲೆ ಹಿತ್ತಾಳೆ ತಟ್ಟೆಯಲ್ಲಿ ಎಲೆ ಅಡಿಕೆ ಬರುತ್ತದೆ. ಅಡಿಕೆ ಅಧ್ಯಕ್ಷರ ಚನ್ನಗಿರಿಯ ಬೀಗರ ಮನೆಯದು. ಕೆಂಪಗೆ, ಬೇಡವೆಂದರೆ ಬೀಗರನ್ನೇ ಬೇಡವೆಂದಂತೆ. ಮೊದಲು ಹಿರಿಯ ಹಾಲೇಶಪ್ಪನವರು ಎಲೆ ಎತ್ತುತ್ತಾರೆ. ಅವರ ಮನೆತನ ವೀಳ್ಯ ಹಿಡಿದ ಮೇಲೆ ಯಾವತ್ತೂ ಹಿಂದೆ ಸರಿದದ್ದಿಲ್ಲ. ಅವರು ಎತ್ತಿದ ಮೇಲೆ ಅಧ್ಯಕ್ಷರ ಭಾವಮೈದ, ಜವಳಿ ಅಂಗಡಿ ಬೆನಕಪ್ಪನವರು. ಆಮೇಲೆ ಸೊಕ್ಕೆಯ ಗಾದ್ರಪ್ಪನವರು. ಎಲ್ಲರ ಕೆನ್ನೆ ಉಬ್ಬುತ್ತದೆ. "ಏನ್ರಪಾ, ಒಪ್ಪಿಗೆನಾ?" ಎಂದು ಅಧ್ಯಕ್ಷರು ಕೇಳುವ ಹೊತ್ತಿಗೆ ಬಾಯಿ ಬಿಟ್ಟರೆ ಅಂಗಿ ಕೆಂಪಾಗುವ ಸ್ಥಿತಿ, "ಹ್ಞೂಂ" ಒಂದೇ ಸಾಧ್ಯವಿರುವ ಶಬ್ದ. ಹೀಗೆ ಮಂಡಳಿ ಹುಟ್ಟಿದಂದಿನಿಂದ ಎಲ್ಲ ತೀರ್ಮಾನವೂ ಸರ್ವಾನುಮತ. ಅವುಗಳಲ್ಲಿ ಎಷ್ಟು ಸರ್ವಾನುಮಾನವೋ ಅಡಿಕೆಗೇ ಗೊತ್ತು. ಷಣ್ಮುಖಪ್ಪ ಹೋದ ಸಲ ಅಡಿಕೆಯನ್ನು ದವಡೆಯಲ್ಲಿಟ್ಟುಕೊಂಡು ಕೇಳಿದ್ದ. ಅದಕ್ಕೇ ಮಾತು ಅರ್ಧ ಬಂದಿತ್ತು.

ಮಧ್ಯಾಹ್ನ ಮಂಡಳಿಯ ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು, ಗಾಳಿ ತಿರುಗುತ್ತಿರಲಿಲ್ಲ. ವಿರೂಪಾಕ್ಷಪ್ಪನವರು ಬೆಳ್ಳಗಿನ ಪಂಚೆಯಲ್ಲಿ, ಮದುವೆ ಮನೆಯ ಯಜಮಾನನ ಸಂಭ್ರಮದಲ್ಲಿದ್ದರು. "ಬರ್ರಿ ಮೇಷ್ಟ್ರೇ, ಗದ್ದಕ್ಕೆ ಏನಾತು? ಹೊಳೆ ಏನಾದ್ರೂ ಕಚ್ತಾ?" ಬೆನಕಪ್ಪನವರು ಮೊದಲು ನಕ್ಕರು, ನಕ್ಕ ಮೇಲೆ ಅರ್ಥ ಮಾಡಿಕೊಂಡರು. ಷಣ್ಮುಖಪ್ಪನ ಬಾಯಿ ಮತ್ತೆ ನಗಲು ಹೊರಟಿತು. ಅದನ್ನು ಅವನು ಒಳಗಿನಿಂದ ಹಲ್ಲಿನಲ್ಲಿ ಕಚ್ಚಿ ಹಿಡಿದ. ತಟ್ಟೆ ಮೂಲೆಯ ಮೇಜಿನ ಮೇಲೆ ಸಿದ್ಧವಾಗಿತ್ತು.

ಮೊದಲನೆಯ ವಿಷಯ ಎಂದಿನಂತೆ ಸಾವು. ಪ್ರತಿ ತಿಂಗಳೂ ದಾನಿಗಳೊಬ್ಬರು ತೀರಿಕೊಂಡೇ ಇರುತ್ತಾರೆ. ಮಂಡಳಿಯವರು ಎದ್ದು ನಿಂತು ತಲೆ ಬಾಗಿಸುತ್ತಾರೆ, ಕಾರ್ಯದರ್ಶಿ ಸಂತಾಪ ನಿರ್ಣಯ ಓದುತ್ತಾನೆ, ಮೌನ ಆಚರಿಸುತ್ತಾರೆ. ಸಾವಿಗೆ ಮಾತ್ರ ಎಲ್ಲರ ಬಾಯಿ ಖಾಲಿ ಇರುತ್ತದೆ. ಇವತ್ತು ತೀರಿಕೊಂಡವರು ಶಾಲೆಗೆ ಗಂಟೆ ಕೊಟ್ಟ ಒಬ್ಬ ಅಜ್ಜ. ಷಣ್ಮುಖಪ್ಪ ಓದಿದ. ಮಂಡಳಿಗೆ ತುಂಬಲಾರದ ನಷ್ಟ, ದೇವರು ಚಿರಶಾಂತಿ ನೀಡಲಿ, ಕುಟುಂಬಕ್ಕೆ ದುಃಖ ಭರಿಸುವ ಶಕ್ತಿ ಕೊಡಲಿ. ನಾಲ್ಕು ತಲೆಗಳು ಬಾಗಿದ್ದವು. ಓದುತ್ತ ಓದುತ್ತ ಅವನಿಗೆ ಕಾಣಿಸಿತು: ಇದೇ ಮಾತು, ಇದೇ ಕೋಣೆ, ಇದೇ ತಲೆಗಳು, ಹೆಸರು ಮಾತ್ರ ಬೇರೆ. ಅವನು ಯೋಚಿಸಿದ್ದಲ್ಲ. ಕಂಠಪಾಠವಾದ ವಾಕ್ಯ ನಿಲ್ಲಲು ಮರೆತ ಬಂಡಿಯಂತೆ ಮುಂದೆ ಉರುಳಿತು.

"ಎರಡನೆಯ ಸಂತಾಪ ನಿರ್ಣಯ" ಎಂದ ಷಣ್ಮುಖಪ್ಪ. ಕೂರಲು ಬಗ್ಗಿದ್ದ ಬೆನಕಪ್ಪನವರು ಮತ್ತೆ ನೆಟ್ಟಗಾದರು. ಸಂತಾಪದ ನಡುವೆ ಕೂರುವಂತಿಲ್ಲ. "ನಮ್ಮ ಮಂಡಳಿಯ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ, ಗೌಡನಕೆರೆಗೆ ಇದ್ದಕ್ಕಿದ್ದಂತೆ ನೀರು ನುಗ್ಗಿದ್ದರಿಂದ ನಿದ್ದೆಯಲ್ಲೇ ಅಸುನೀಗಿದ ವಿದ್ಯಾರ್ಥಿನಿಯರಾದ ಹತ್ತನೇ ತರಗತಿಯ ಭೀಮಕ್ಕ, ಒಂಬತ್ತನೇ ತರಗತಿಯ ಅಂತರಘಟ್ಟಮ್ಮ, ಎಂಟನೇ ತರಗತಿಯ ಸೊಕ್ಕೆ ಕೆಂಪಕ್ಕ…"

"ಏ ಮೇಷ್ಟ್ರೇ!" ಗಾದ್ರಪ್ಪನವರ ತಲೆ ಜರ್ರನೆ ಮೇಲೆದ್ದಿತು. ಕೆಂಪಕ್ಕ ಅವರ ಅಣ್ಣನ ಮೊಮ್ಮಗಳು. "ಏನ್ರೀ ನಿಮ್ದು ಬಾಯಿ? ಮೊನ್ನೆ ಊರಿಗೆ ಬಂದಾಗ ನಮ್ಮನ್ಯಾಗೆ ಉಪ್ಪಿನಕಾಯಿ ಇಸ್ಕಂಡು ಹೋಗ್ಯಾಳೆ ಆ ಹುಡ್ಗಿ. ಬದುಕಿರಾಳನ್ನ ಸಾಯಿಸ್ತೀರಾ?"

"ನಾನಲ್ಲ ಗಾದ್ರಪ್ಪನೋರೆ." ತನ್ನ ದನಿ ಇಷ್ಟು ಗಟ್ಟಿ ಎಂದು ಷಣ್ಮುಖಪ್ಪನಿಗೆ ಗೊತ್ತಿರಲಿಲ್ಲ, ಕ್ಲಾಸಿನಲ್ಲೂ ಅವನು ಸೀಮೆಸುಣ್ಣದ ಕೈಲೇ ಹೆಚ್ಚು ಮಾತಾಡಿಸುವವನು. "ಹಾಸ್ಟೆಲ್ ಕಟ್ಟಿ ಆತು ಅನ್ಕಳ್ರಿ. ಆಗಬಾರದ್ದು ಆಗಿ ಹೋತು ಅನ್ಕಳ್ರಿ. ನಾವೇ ಹಿಂಗೆ ಎದ್ದು ನಿಂತೀವಿ. ಹೆಂಗಾತು ಅಂತ ನಿರ್ಣಯದಾಗೆ ಒಂದು ಮಾತು ಬರೀಬೇಕಲ್ಲ? ನಾನು ಕಾರ್ಯದರ್ಶಿ. ನೀವು ಹೇಳ್ರಿ, ಬರ್ಕಂತೀನಿ. ಹೆಂಗಾತು?"

ವಿರೂಪಾಕ್ಷಪ್ಪನವರ ಮುಖ ಕೆಂಪಾಯಿತು. "ಮೇಷ್ಟ್ರೇ, ಕೂತ್ಕಳ್ರಿ. ಅಪಶಕುನ."

"ಸಂತಾಪ ಮುಗೀದೆ ಕೂರಬಾರ್ದು ಸಾವ್ಕಾರ್ರೇ. ನೀವೇ ಮಾಡಿದ ಪದ್ಧತಿ."

ಯಾರೂ ಕೂರಲಿಲ್ಲ. ಕೆಲಸ ಹೋಯಿತು, ಎಂದು ಷಣ್ಮುಖಪ್ಪನೊಳಗೆ ಯಾರೋ ಹೇಳಿದರು. ಹೋದರೆ ಹೋಯಿತು, ಎಂದು ಇನ್ನೊಬ್ಬ ಹೇಳಿದ, ಆರು ಮುಖಗಳಲ್ಲಿ ಒಂದಕ್ಕೆ ಕಡೆಗೂ ಬಾಯಿ ಬಂದಿತ್ತು. ಎಲ್ಲರ ಬಾಯಿಯೂ ಖಾಲಿ. ಖಾಲಿ ಬಾಯಿ ಬಹಳ ಹೊತ್ತು ಸುಮ್ಮನಿರಲಾರದು ಅನ್ನುವುದು ಅವನಿಗೆ ಆ ಕ್ಷಣ ಹೊಳೆದ ಜ್ಞಾನದಾಸೋಹ.

ಮೊದಲು ತುಟಿ ಅಲುಗಿದ್ದು ಹಾಲೇಶಪ್ಪನವರದು. "ಮ್ಯಾಲಿನ ಕಟ್ಟೆ ಒಡೆದಿರ್ಬೇಕು" ಎಂದರು, ನಿಜಕ್ಕೂ ನಡೆದು ಹೋದದ್ದನ್ನು ನೆನೆಸಿಕೊಳ್ಳುವವರಂತೆ. "ಸೊಕ್ಕೆ ಮ್ಯಾಲಿನ ಮಣ್ಣಿನ ಕಟ್ಟೆ. ನಾನು ಸಣ್ಣೋನಿದ್ದಾಗ ಒಂದ್ಸಲ ಒಡೆದಿತ್ತು. ಇಲ್ಲಿ ಹನಿ ಮಳೆ ಇರ್ಲಿಲ್ಲ, ಬಿಸಿಲಾಗೆ ನೀರು ಬಂತು."

"ಮತ್ತೆ ಇಷ್ಟು ದಿನ ಯಾಕೆ ಹೇಳ್ಲಿಲ್ಲ ಮಾವ?" ಬೆನಕಪ್ಪನವರು ಕೇಳಿದರು.

"ನೀವ್ಯಾರೂ ಹೇಳ್ಲಿಲ್ಲ, ಅದಕ್ಕೇ ನನಗೇ ಮರೆವು ಅಂದ್ಕಂಡೆ."

"ನೀವು ಎಲೆ ಎತ್ತಿದ್ರಿ ಅಂತ ನಾವೂ ಎತ್ತಿದ್ವಿ" ಎಂದರು ಗಾದ್ರಪ್ಪನವರು. "ತೂಬಿನ ಬಾಯಿ ಹೂಳು ತುಂಬ್ಕಂಡು ಮುಚ್ಚೈತೆ. ಬಂದ ನೀರು ಹೊರಗೆ ಹೋಗಾಕೂ ದಾರಿ ಇಲ್ಲ. ಇದು ನನಗೆ ಗೊತ್ತಿತ್ತು. ಸಾವ್ಕಾರ್ರು ಓದಿದೋರು, ನೋಡಿರ್ತಾರೆ ಅಂತ ಸುಮ್ನಿದ್ದೆ."

"ನೋಡಿಲ್ಲ" ಎಂದರು ಬೆನಕಪ್ಪನವರು, ಭಾವನ ಕಡೆ ತಿರುಗದೆ. "ಜೀಪಿನಿಂದ ಕೆಳಗೆ ಇಳಿದಿದ್ದೇ ಒಂದು ಬೀಡಿ ಸೇದೋ ಹೊತ್ತು. ನಾನೂ ಇದ್ದೆ. ಆದ್ರೂ ಹುಡ್ಗೀರು ಓಡಬಹುದಿತ್ತಲ್ಲ? ಪಕ್ಕದಾಗೇ ಏರಿ ಐತೆ. ನೀರು ಕಂಡ ಕೂಡ್ಲೆ ಎದ್ದು ಹತ್ತಬಹುದಿತ್ತು. ಯಾಕೆ ಹತ್ಲಿಲ್ಲ?"

ಇಲ್ಲಿಯವರೆಗೆ ಷಣ್ಮುಖಪ್ಪನೂ ಯೋಚಿಸಿರಲಿಲ್ಲ. ಮಾತು ಅಲ್ಲಿಗೇ ನಿಂತು ತಟ್ಟೆಯ ಕಡೆಗೆ ತಿರುಗಿಬಿಡಬಹುದಿತ್ತು. ಅಷ್ಟರಲ್ಲಿ ವಿರೂಪಾಕ್ಷಪ್ಪನವರು, ಇಷ್ಟು ಹೊತ್ತೂ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದವರು, ಬಹಳ ಮೆಲ್ಲಗೆ ಹೇಳಿದರು: "ಬೀಗ."

ಎಲ್ಲರೂ ಅವರ ಕಡೆ ನೋಡಿದರು.

"ಹೆಣ್ಮಕ್ಕಳ ಹಾಸ್ಟೆಲ್ಲು. ಕತ್ತಲಾದ ಮ್ಯಾಲೆ ಹೊರಗಿಂದ ಬೀಗ ಹಾಕ್ಬೇಕು ಅಂತ ನಾನೇ ಕಾನೂನು ಮಾಡಿಸಿದ್ನಲ್ಲ. ಕೀಲಿ ನಮ್ಮನ್ಯಾಗೇ ಇರ್ಲಿ ಅಂದಿದ್ದೆ." ಅವರ ಕೈ ತಾನಾಗಿಯೇ ಉಡಿದಾರದ ಕೀಲಿ ಗೊಂಚಲಿನ ಕಡೆ ಹೋಗಿ, ಅದು ಬಿಸಿಯಾಗಿದೆಯೆಂಬಂತೆ ಹಿಂದೆ ಬಂತು. "ನಾನು ಎದ್ದು, ಚಪ್ಪಲಿ ಮೆಟ್ಕಂಡು, ಜೀಪು ಚಾಲೂ ಮಾಡಿ ಬರೋದ್ರಾಗೆ…" ಅವರು ವಾಕ್ಯ ಮುಗಿಸಲಿಲ್ಲ. ಈ ಸಲ ಉಳಿದರ್ಧವನ್ನು ಯಾರೂ ಕಿತ್ತುಕೊಳ್ಳಲಿಲ್ಲ. ಷಣ್ಮುಖಪ್ಪ ಅವರ ಮುಖ ನೋಡಿದ. ಅವನನ್ನು ನಗಿಸಿ ಕುಗ್ಗಿಸಿದ ಸಾವ್ಕಾರ್ರು ಅಲ್ಲಿರಲಿಲ್ಲ. ಬಾಗಿಲಾಚೆ ನಿಂತು ಒಳಗಿನ ಬಡಿತ ಕೇಳಿಸಿಕೊಳ್ಳುತ್ತಿರುವ ಮುದುಕನೊಬ್ಬ ಇದ್ದ. ಷಣ್ಮುಖಪ್ಪನಿಗೆ ಗೆದ್ದ ಹಿಗ್ಗಿನ ಜೊತೆಗೇ ಅವರ ಕೈ ಹಿಡಿದುಕೊಳ್ಳಬೇಕು ಅನ್ನಿಸಿತು. ಹಿಡಿಯಲಿಲ್ಲ. ಮಂಡಳಿಯಲ್ಲಿ ಅದಕ್ಕೆ ಪದ್ಧತಿ ಇರಲಿಲ್ಲ.

"ಸೊಕ್ಕೆ ರಸ್ತೆ ದಿಣ್ಣೆ ಮ್ಯಾಲೆ ಸರ್ಕಾರಿ ಜಾಗ ಐತೆ" ಎಂದರು ಗಾದ್ರಪ್ಪನವರು. "ಕಲ್ಲು ನೆಲ, ಪಾಯ ತೋಡಾಕೆ ಕಷ್ಟ. ನೀರು ಹೊರೋದೂ ಕಷ್ಟ."

"ಪೈಪು ಎಳೆಸಾಣ" ಎಂದರು ವಿರೂಪಾಕ್ಷಪ್ಪನವರು. ಅವರ ದನಿಗೆ ಮೆಲ್ಲಗೆ ಪಂಚೆಯ ಗಂಜಿ ಮರಳಿ ಬರುತ್ತಿತ್ತು. "ಕಷ್ಟ ಅಂತ ಮಕ್ಕಳನ್ನ ಗುಂಡಿಯಾಗೆ ಮಲಗಿಸಾಕೆ ಆಗ್ತೈತೇನ್ರೀ?"

"ಕಲ್ಲು ಕೆತ್ತಿಸಿ ಆಗೈತಲ್ಲ ಭಾವ?"

"ಕಲ್ಲಿಗೇನು, ಎಲ್ಲಿ ನೆಟ್ರೂ ನಿಲ್ತೈತೆ. ನಾನಂತೂ ಮೊದ್ಲಿಂದ್ಲೂ ದಿಣ್ಣೆ ಅಂತ್ಲೇ ಅಂದಿದ್ದೆ. ನೀವೆಲ್ಲ ಕೆರೆ ಕೆರೆ ಅಂತ ನನ್ನ ಕರ್ಕಂಡ್ಹೋದ್ರಿ."

"ನನಗೂ ಮೊದ್ಲಿಂದ್ಲೂ ಅನುಮಾನ ಇತ್ತು" ಎಂದರು ಬೆನಕಪ್ಪನವರು. "ನಂದೂ ಅದೇ" ಎಂದರು ಹಾಲೇಶಪ್ಪನವರು. ಒಂದು ಕ್ಷಣದ ಹಿಂದೆ ಕೋಣೆಯಲ್ಲಿ ಕೆರೆಯ ಪರವಾಗಿ ಒಬ್ಬರಾದರೂ ಇದ್ದ ನೆನಪೇ ಯಾರಿಗೂ ಇರಲಿಲ್ಲ. ಷಣ್ಮುಖಪ್ಪನಿಗೆ ನಗು ಬಂತು. ಹೊಟ್ಟೆಯಿಂದ ಎದ್ದು, ಗದ್ದದ ಗಾಯ ಎಳೆದು, ಜೋರಾಗಿ ಹೊರಗೆ ಬಂದ ಈ ನಗು ಮಾತ್ರ ಪೂರ್ತಿ ಅವನದೇ. ಶಂಕುಸ್ಥಾಪನೆಗೆ ಮೊದಲು ಶಂಕೆಸ್ಥಾಪನೆ ಮಾಡಿದವನು ಅವನು. ಕಲ್ಲಿನ ಮೇಲೆ ಅವನ ಹೆಸರು ಎಲ್ಲೂ ಬರುವುದಿಲ್ಲ, ನಡಾವಳಿಯಲ್ಲಿ 'ಅಧ್ಯಕ್ಷರ ದೂರದೃಷ್ಟಿಯಂತೆ' ಎಂದು ಅವನೇ ಬರೆಯಬೇಕು. ಬರೆದ. ದುಂಡಗೆ ಬರೆದ. "ಯಾಕ್ರೀ ನಗ್ತೀರಿ?" ಎಂದರು ಅಧ್ಯಕ್ಷರು, ಗದರಿಕೆಗೂ ಸಲಿಗೆಗೂ ನಡುವಿನ ದನಿಯಲ್ಲಿ. "ಸಂತಾಪ ಹಿಂದಕ್ಕೆ ತಗಂಡ್ರೆ ನಗಬಹುದಲ್ವಾ ಸಾವ್ಕಾರ್ರೇ?" ಎಂದ. ಹಾಲೇಶಪ್ಪನವರು ಮೊದಲು ನಕ್ಕರು. ಅವರು ಎಲೆ ಎತ್ತಲಿ ಎಂದು ಕಾಯುವಂತೆ ಈ ಸಲ ಉಳಿದವರು ಕಾಯಲಿಲ್ಲ, ಜೊತೆಗೇ ನಕ್ಕರು.

ಸಂಜೆ ಅವನು ಏರಿಯ ದಾರಿ ಬಿಟ್ಟು ಕೆರೆಯ ಅಂಗಳಕ್ಕೇ ಇಳಿದು ನಡೆದ. ಮಣ್ಣು ಬೆಚ್ಚಗಿತ್ತು. ಈ ವರ್ಷ ಕೆರೆ ತುಂಬುತ್ತದೋ ಇಲ್ಲವೋ. ತುಂಬದಿದ್ದರೆ ಬೆನಕಪ್ಪನವರು "ಎಲ್ಲಿ ಮೇಷ್ಟ್ರೇ ನಿಮ್ಮ ನೀರು?" ಎಂದು ಚುಚ್ಚುವುದು ಖಂಡಿತ. ಇನ್ನೂ ಹತ್ತು ವರ್ಷ ತುಂಬದಿರಬಹುದು, ಅವನು ರಿಟೈರಾಗಿ ಹೋಗುವವರೆಗೂ ಎಮ್ಮೆ ಇಲ್ಲೇ ಮೆಲುಕು ಹಾಕುತ್ತಿರಬಹುದು. ಹಾಗಾದರೂ ಇವತ್ತಿನದು ಸರಿಯೇ. ಸರಿ ಅನ್ನಿಸಿಕೊಳ್ಳಲಿಕ್ಕೆ ಒಂದು ಹೆಣ ತೇಲಬೇಕಾಗಿಲ್ಲ ಎಂದು ಅನ್ನಿಸಿದ್ದೇ ಅವನ ಹೆಜ್ಜೆ ಅಗಲವಾಯಿತು. ಕಾಲ ಕೆಳಗೆ ಮಣ್ಣಿನ ಹಪ್ಪಳ ಪಟಪಟನೆ ಮುರಿದವು.

ಹುಡುಗಿಯರು ಕುಂಟೆಬಿಲ್ಲೆ ಆಡುತ್ತಿದ್ದರು. ಆಡುವ ಕಾಲಿಗೆ ಕೆರೆಯ ಅಂಗಳವೇನೂ ಅಪಾಯವಲ್ಲ, ನೀರು ಕಂಡರೆ ಓಡುತ್ತವೆ. ಮಂಡಳಿಯ ಸುದ್ದಿ ಮಂಡಳಿಯವರಿಗಿಂತ ಮೊದಲೇ ಊರು ಸುತ್ತಿ ಬಂದಿತ್ತು. ಅವರಲ್ಲೊಬ್ಬಳು, ಎರಡು ಜಡೆಯ ಕೆಂಪಕ್ಕ, ಒಂದು ಕಾಲು ಮಡಚಿಕೊಂಡೇ ಕುಂಟುತ್ತ ಹತ್ತಿರ ಬಂದಳು.

"ಸಾ, ಹಾಸ್ಟೆಲ್ಲು ಇಲ್ಲಿ ಬ್ಯಾಡಂತೆ, ದಿಣ್ಣೆ ಮ್ಯಾಲಂತೆ, ನಿಜಾನಾ ಸಾ?"

"ನಿಜ ಕಣಮ್ಮ."

"ಅಯ್ಯೋ! ದಿನಾ ಅದನ್ನ ಏರಿ ಇಳಿದು ನಮ್ಮ ಮಂಡಿ ಬಿದ್ದೋಗ್ತಾವೆ. ಇಲ್ಲಾಗಿದ್ರೆ ಎಷ್ಟು ಚೆನ್ನಾಗಿತ್ತು, ಬಸ್‌ಸ್ಟ್ಯಾಂಡು ಹತ್ರ. ಯಾರ್ ಸಾ ಈ ಕೆಲಸ ಮಾಡಿದ ಪುಣ್ಯಾತ್ಮ?"

"ನಾನೇ!" ಎಂದ ಷಣ್ಮುಖಪ್ಪ. ಆ ದನಿಗೆ ಜಾಲಿ ಮರದ ಕೆಳಗಿನ ಎಮ್ಮೆ ಕತ್ತೆತ್ತಿ ನೋಡಿತು. "ನಾನೇ ಕಣ್ರೇ ಮಾಡಿದ್ದು. ಬೈಕಳ್ರಿ. ಎಲ್ಲಾರೂ ಸೇರಿ ಜೋರಾಗಿ ಬೈರಿ, ನೋಡಾಣ."

ಹುಡುಗಿಯರು ಒಬ್ಬರನ್ನೊಬ್ಬರು ನೋಡಿಕೊಂಡರು. ಹೆಡ್‌ಮಾಸ್ತರಿಗೆ ಏನೋ ಆಗಿದೆ ಎಂದು ಗುಸುಗುಸು ಎಂದರು. ಆಮೇಲೆ ಕೆಂಪಕ್ಕ ಮಡಚಿದ ಕಾಲು ಕೆಳಗಿಟ್ಟು, ಸೊಂಟಕ್ಕೆ ಕೈಕೊಟ್ಟು, "ನಿಮ್ಮ ದಿಣ್ಣೆಗಿಷ್ಟು ಬೆಂಕಿ ಹಾಕ!" ಎಂದು ಶುರು ಮಾಡಿದಳು. ಉಳಿದವರು ದನಿಗೂಡಿಸಿದರು. ಒಂದಕ್ಕಿಂತ ಒಂದು ಚೊಕ್ಕ ಬೈಗುಳ, ಸೊಕ್ಕೆಯವು, ಜಗಳೂರಿನವು, ಅವನಿಗೆ ಗೊತ್ತೇ ಇಲ್ಲದ ಹಳ್ಳಿಗಳವು, ನಲವತ್ತು ಬೆಚ್ಚನೆಯ ಗಂಟಲುಗಳಿಂದ ಎದ್ದು ಒಣ ಕೆರೆಯ ಏರಿಗೆ ಬಡಿದು ತಿರುಗಿ ಬಂದವು. ಷಣ್ಮುಖಪ್ಪ ಕನ್ನಡಕ ತೆಗೆದು, ಅದರ ನಡುವೆ ನಿಂತು, ಒಂದೊಂದನ್ನೂ ಕಿವಿ ತುಂಬ ಕೇಳಿಸಿಕೊಂಡ.